ಬೆನ್ನ ಮೇಲಿನ ಕೆಂಪು ದಾರ

ನಾನು ಅಕ್ಕ ಎಂದೇ ಕರೆಯುವ ಸಹೋದ್ಯೋಗಿ ಕಳೆದ ತಿಂಗಳು ನಿವೃತ್ತರಾದರು. ಇಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಬೀಳ್ಕೊಡುಗೆ ಎಂದರೆ ಹಾರ, ಶಾಲು, ಫಲತಾಂಬೂಲ ಏನೂ ಇರುವುದಿಲ್ಲ. ಕ್ಯಾಂಟೀನಿನಲ್ಲಿ ಎಲ್ಲರೂ ನಿಂತುಕೊಂಡು ಚೀಸ್ ತುಂಡು ಬಾಯಿಗೆ ಹಾಕಿಕೊಳ್ಳುತ್ತಾರೆ, ಹೋಗುವವರ ಕಾಲೆಳೆಯುತ್ತಾರೆ, ಕೊನೆಗೆ ಒಂದು ಹೂಗುಚ್ಛ ಕೊಟ್ಟು ಕೈ ಕುಲುಕುತ್ತಾರೆ. ಅಕ್ಕನಿಗೂ ಅಷ್ಟೇ ಆಯಿತು. ನನಗೂ ಎರಡು ಮಾತು ಹೇಳು ಎಂದರು. ಒಂದು ಹೆಜ್ಜೆ ಮುಂದೆ ಬಂದೆ, ಅಕ್ಕನ ಮುಖ ನೋಡಿದೆ, ಹಿಂದೆ ಸರಿದೆ. ಡಚ್ಚರು ಪಾಪ, ಅದಕ್ಕೂ ಚಪ್ಪಾಳೆ ತಟ್ಟಿದರು. ಅಲ್ಲಿ ಆಡಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಮಾತ್ರ ಬರೆಯುವುದಿಲ್ಲ. "ನನ್ನ ಬಗ್ಗೆ ಏನರೆ ಬರದಿ ಅಂದ್ರ ಹೆಸರು ಹಾಕಬ್ಯಾಡ. ಗದಗಿನ್ಯಾಗ ನಮ್ಮ ವೈನಿಗೊಳು ಓದಿ ಬಿದ್ದು ಬಿದ್ದು ನಗತಾರ" ಎಂದು ತಾಕೀತು ಮಾಡಿದ್ದಾರೆ. ಅವರ ಅಣ್ಣಂದಿರ ಹೆಂಡತಿಯರಿಗೆ ಅವರು ಹೆದರುವಷ್ಟು ಇನ್ನಾರಿಗೂ ಹೆದರಿದ್ದನ್ನು ನಾನು ಕಂಡಿಲ್ಲ.

ನಾನು ಮೈಸೂರಿನವಳು. ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ಡೀಮೆನ್‌ನ ಒಂದು ಫ್ಲ್ಯಾಟಿನಲ್ಲಿ ನೆಲೆಸಿದೆ. ನಮ್ಮ ಕಂಪನಿ ನನ್ನನ್ನು ಒಂದು ವಸ್ತುಸಂಗ್ರಹಾಲಯದ ದಾಸ್ತಾನು ಕಟ್ಟಡಕ್ಕೆ ಕಳಿಸಿತು. ನ್ಯೂವೆಗೈನ್‌ನ ಆಫೀಸುಗಳ ಸಾಲಿನ ಕೊನೆಯಲ್ಲಿ, ಹೊರಗಿನಿಂದ ಟೈಲ್ಸ್ ಗೋಡೌನಿನ ಹಾಗೆ ಕಾಣುವ ಕಿಟಕಿಯಿಲ್ಲದ ಕಟ್ಟಡ ಅದು. ಜನರಿಗೆ ತೋರಿಸುವುದಕ್ಕೆ ಜಾಗ ಸಾಲದ ಸಾಮಾನುಗಳೆಲ್ಲ ಅಲ್ಲಿ ಪೆಟ್ಟಿಗೆಗಳಲ್ಲಿ ಮಲಗಿರುತ್ತವೆ. ಅವುಗಳ ವಿವರ ಹಳೆಯ ಕೈಬರಹದ ಕಾರ್ಡುಗಳಲ್ಲಿತ್ತು. ಅದನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಆರು ತಿಂಗಳಿಗೆಂದು ಹೋದವಳು ಇನ್ನೂ ಅಲ್ಲೇ ಇದ್ದೇನೆ.

ಮೊದಲ ದಿನ ಊಟ್ರೆಕ್ಟ್‌ನಿಂದ ಟ್ರಾಮ್ ಹಿಡಿದಿದ್ದೆ. ಎದುರಿಗೆ ನಿಂತಿದ್ದ ಒಬ್ಬ ಹೆಂಗಸು, ಉದ್ದನೆಯ ಕೋಟು, ಹಣೆಗೆ ಸ್ಟಿಕರ್ ಬೊಟ್ಟು, ನನ್ನ ಮುಖ ನೋಡದೆ ನನ್ನ ಕುರ್ತಾದ ಅಂಚನ್ನೇ ದಿಟ್ಟಿಸುತ್ತಿದ್ದರು. ನಾನು ಫೋನಿನಲ್ಲಿ ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡಿ ಮುಗಿಸಿದ್ದೇ ತಡ, "ಏ ತಂಗಿ, ಅಂಚು ಬಿಚ್ಚೈತಿ. ಸುಮ್ನ ನಿಂದ್ರು, ಅಲ್ಲಾಡಬ್ಯಾಡ" ಎಂದರು. ಪರ್ಸಿನಿಂದ ಸೂಜಿ ದಾರ ತೆಗೆದರು. ಓಡುವ ಟ್ರಾಮಿನಲ್ಲಿ, ಬಗ್ಗಿ, ಒಂದು ಕೈಯಲ್ಲಿ ಕಂಬ ಹಿಡಿದುಕೊಂಡ ನನ್ನ ಕುರ್ತಾಕ್ಕೆ ಹೊಲಿಗೆ ಹಾಕಿ, ಗಂಟು ಒಳಗೆ ಸೇರಿಸಿ, ಹಲ್ಲಿನಿಂದ ದಾರ ಕಚ್ಚಿ ಕತ್ತರಿಸಿದರು. ಎಲ್ಲ ಮುಗಿದ ಮೇಲೆಯೇ "ನಿಂದು ಯಾವೂರು?" ಎಂದು ಕೇಳಿದ್ದು. ಇಬ್ಬರೂ ಒಂದೇ ನಿಲ್ದಾಣದಲ್ಲಿ ಇಳಿದೆವು, ಒಂದೇ ಬಾಗಿಲು ಹೊಕ್ಕೆವು. ಸಂಜೆಯ ಹೊತ್ತಿಗೆ ನಮ್ಮ ಮೇಜುಗಳೂ ಅಕ್ಕಪಕ್ಕ ಎಂದು ತಿಳಿಯಿತು.

ಅಕ್ಕನ ಕೆಲಸ ಹಳೆಯ ಬಟ್ಟೆಗಳ ಯೋಗಕ್ಷೇಮ. ಹುಳ ತಿಂದದ್ದು, ಮಡಿಕೆಯಲ್ಲಿ ಹರಿದದ್ದು, ಬಣ್ಣ ಇಳಿದದ್ದು ಅವರ ಮೇಜಿಗೆ ಬರುತ್ತಿತ್ತು. ಗಂಡನಿಗೆ ವಿಮಾನ ಕಂಪನಿಯಲ್ಲಿ ಕೆಲಸ ಸಿಕ್ಕಿ ಹೂಫ್‌ಡಾರ್ಪ್‌ಗೆ ಬಂದವರು, ಮಕ್ಕಳು ಶಾಲೆ ಸೇರಿದ ಮೇಲೆ ಬೇಸರ ಕಳೆಯಲು ಸಂಗ್ರಹಾಲಯದಲ್ಲಿ ಸಂಬಳವಿಲ್ಲದ ಕೆಲಸಕ್ಕೆ ಸೇರಿದ್ದರಂತೆ. ಅಲ್ಲಿ ಯಾರೋ ಒಬ್ಬರು ಹರಿದ ಪರದೆಯನ್ನು ಹೊಲಿಯುತ್ತಿದ್ದ ರೀತಿ ಕಂಡು ಇವರಿಗೆ ತಡೆಯಲಾಗಲಿಲ್ಲ. "ಹಿಂಗ ಹೊಲದ್ರ ನಮ್ಮವ್ವ ಸೂಜಿ ಕಸ್ಕೊಂಡು ಮನಿಗೆ ಕಳಸ್ತಿದ್ಲು" ಎಂದು ಇಂಗ್ಲಿಷಿನಲ್ಲಿ ಹೇಳಿದರಂತೆ. ಅವ್ವ ಗದಗಿನಲ್ಲಿ ಇಡೀ ಓಣಿಗೆ ಕೌದಿ ಹೊಲಿದುಕೊಟ್ಟವರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ, ಒಂದು ಗಂಟೂ ಕಾಣದ ಹಾಗೆ ಹೊಲಿದು ಮುಗಿಸುವುದು ಅವರ ಹೆಮ್ಮೆ. ಎಲ್ಲಾದರೂ ದಾರದ ತುದಿ ಹೊರಗೆ ಇಣುಕಿದರೆ ಮಗಳ ಕೈಗೆ ಅಡಿಪಟ್ಟಿಯ ಏಟು ಬೀಳುತ್ತಿತ್ತು. ಆ ಮಗಳು ನಲವತ್ತು ದಾಟಿದ ಮೇಲೆ ಡಚ್ ಕಲಿತು, ತನ್ನ ಮಕ್ಕಳ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತು, ಹಳೆಯ ಬಟ್ಟೆ ಕಾಪಾಡುವ ವಿದ್ಯೆ ಓದಿ, ಐವತ್ತು ದಾಟಿದ ಮೇಲೆ ಸಂಬಳಕ್ಕೆ ಸೇರಿದರು.

ಒಳಗೆ ನಿಯಮಗಳು ಬಹಳ. ಉಂಗುರ ಇರಬಾರದು, ಬಳೆ ಇರಬಾರದು, ಅತ್ತರು ಬೇಡ, ಕೈಗೆ ಕ್ರೀಮೂ ಬೇಡ. ಅಕ್ಕ ದಿನಾ ಬೆಳಿಗ್ಗೆ ಲಾಕರಿನ ಮುಂದೆ ನಿಂತು ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ತೆಗೆದು ಒಂದು ಉಣ್ಣೆಯ ಕಾಲುಚೀಲದೊಳಗೆ ಇಡುತ್ತಿದ್ದರು. ಸಂಜೆ ಮತ್ತೆ ಒಂದೊಂದಾಗಿ ಏರಿಸುತ್ತಿದ್ದರು. ಚಿನ್ನದ ಒಂದೆರಡು ಬಳೆ ಹಾಕಿಕೊಂಡರೆ ತೆಗೆಯುವುದು ಸುಲಭವಲ್ಲವೇ ಎಂದು ಕೇಳಿದೆ. "ಸುಲಭ ಆಗಲಿ ಅಂತ ಯಾರು ಹಾಕ್ಕೋತಾರ?" ಎಂದರು.

ಊಟದ ಹೊತ್ತಿನಲ್ಲಿ ಎಲ್ಲರೂ ಬ್ರೆಡ್ಡಿನ ನಡುವೆ ಚೀಸ್ ಇಟ್ಟು ತಣ್ಣಗೆ ಅಗಿಯುವಾಗ ಇವರು ಖಡಕ್ ಜೋಳದ ರೊಟ್ಟಿ ಮುರಿಯುತ್ತಿದ್ದರು. ಆ ಸದ್ದಿಗೆ ಇಡೀ ಕೋಣೆ ತಿರುಗಿ ನೋಡುತ್ತಿತ್ತು. ಶೇಂಗಾ ಚಟ್ನಿಪುಡಿಯನ್ನು ಒಬ್ಬ ಸಹೋದ್ಯೋಗಿ ರುಚಿ ನೋಡಿ, ಇದು ಪುಡಿ ಮಾಡಿದ ಪಿಂಡಾಕಾಸ್ ಎಂದು ಘೋಷಿಸಿದ. ಇಲ್ಲಿಯವರು ಬ್ರೆಡ್ಡಿಗೆ ಬಳಿಯುವ ಕಡಲೆಕಾಯಿ ಬೆಣ್ಣೆಯ ಹೆಸರು ಅದು. ಅಂದಿನಿಂದ ಅಕ್ಕನೂ ಡಬ್ಬಿಯ ಮೇಲೆ ಅದೇ ಹೆಸರು ಬರೆದು ಎಲ್ಲರ ಮುಂದೆ ಇಡುತ್ತಿದ್ದರು. ವಾರಕ್ಕೊಂದು ಡಬ್ಬಿ ಖಾಲಿ.

ಅವರ ಕಪಾಟಿನಲ್ಲಿ ಜಪಾನಿನ ಕ್ಯೋಟೊದಿಂದ ಬಂದ ಒಂದು ಪೆಟ್ಟಿಗೆ ಇತ್ತು. ಹಿಂದೆ ಅಲ್ಲಿನ ಅರಮನೆಯ ಸುತ್ತ ಬಾಳಿದ ದೊಡ್ಡ ಮನೆತನಗಳ ಹಸುಗೂಸುಗಳ ಬಟ್ಟೆ ಅವು. ಎಂದೋ ಯಾರೋ ವರ್ತಕ ಕೊಂಡು ತಂದದ್ದು. ಬೇಸರವಾದ ದಿನ ಅಕ್ಕ ಆ ಪೆಟ್ಟಿಗೆ ತೆರೆಯುತ್ತಿದ್ದರು. ಅಂಥ ಮನೆಗಳಲ್ಲಿ ಮಗು ಹುಟ್ಟಿದರೆ ಮೊದಲ ಕೆಲವು ದಿನ ಎಲ್ಲವೂ ಬಿಳಿಯಂತೆ. ತಾಯಿಯ ಉಡುಪು, ಸೇವಕಿಯರ ಉಡುಪು, ಪರದೆ, ಹಾಸಿಗೆ, ಎಲ್ಲ. ಆಮೇಲೆ ಒಂದು ದಿನ ಗೊತ್ತುಮಾಡಿಕೊಂಡು ಎಲ್ಲರೂ ಬಣ್ಣ ಉಡುವುದು. ಮೂರು, ಐದು, ಏಳು, ಒಂಬತ್ತನೆಯ ದಿನ ಊಟದ ಉಡುಗೊರೆಗಳ ಜೊತೆ ನೆಂಟರು ಮಗುವಿಗೆ ಬಟ್ಟೆ ತರುವುದು. "ನಮ್ಮಲ್ಲಿ ಹನ್ನೊಂದು ದಿನಾ ಎಣಿಸಿ ತೊಟ್ಟಲಾ ಕಟ್ಟತೀವಿ. ಅವರದೂ ಹಂಗ ಒಂದು ಲೆಕ್ಕ" ಎನ್ನುತ್ತಿದ್ದರು ಅಕ್ಕ, ತಮ್ಮ ಬೀಗರ ಮನೆಯ ಪದ್ಧತಿ ಹೇಳುವ ಧಾಟಿಯಲ್ಲಿ.

ಆ ಪೆಟ್ಟಿಗೆಯ ರಾಣಿ ಒಂದು ಬಿಳಿ ರೇಷ್ಮೆಯ ಪುಟ್ಟ ನಿಲುವಂಗಿ. ಪುಟ್ಟದೇನೂ ಅಲ್ಲ, ಕೂಸಿನ ಎರಡರಷ್ಟು ಉದ್ದ. ತೊಡಿಸುವುದಕ್ಕಿಂತ ಹೆಚ್ಚಾಗಿ ಸುತ್ತಿ ಎತ್ತಿಕೊಳ್ಳುವುದಕ್ಕೆ ಮಾಡಿದ್ದು. ನೇಯ್ಗೆಯಲ್ಲೇ ಆಮೆಯ ಚಿಪ್ಪಿನ ವಿನ್ಯಾಸ ಇತ್ತು, ನೇರ ನೋಡಿದರೆ ಕಾಣದು, ಓರೆಯಾಗಿ ಹಿಡಿದರೆ ಕಾಣುತ್ತದೆ. ಆಮೆಯಷ್ಟು ಆಯುಸ್ಸು ಇರಲಿ ಎಂದು. "ಯಾರಿಗೂ ಕಾಣಬಾರದು, ಕೂಸಿಗೆ ಮಾತ್ರ ಹತ್ತಬೇಕು ಹರಕಿ. ಎಷ್ಟು ಶಾಣ್ಯಾ ಮಂದಿ ನೋಡು" ಎಂದು ಅಕ್ಕ ಪ್ರತಿ ಸಲವೂ ಹೇಳುತ್ತಿದ್ದರು. ಪ್ರತಿ ಸಲವೂ ನಾನು ಮೊದಲ ಸಲ ಕೇಳಿದವಳ ಹಾಗೆ ತಲೆಯಾಡಿಸುತ್ತಿದ್ದೆ.

ನನ್ನ ಮಗಳು ಹುಟ್ಟಿದಾಗ ಅಕ್ಕ ಹೂಫ್‌ಡಾರ್ಪ್‌ನಿಂದ ಡೀಮೆನ್‌ಗೆ ಮೂರು ಗಾಡಿ ಬದಲಿಸಿ ಬಂದರು. ಇಲ್ಲಿ ಬಾಣಂತಿಯ ಆರೈಕೆಗೆ ಒಂದು ವಾರ ನರ್ಸ್ ಮನೆಗೇ ಬರುತ್ತಾಳೆ. ನಮಗೆ ಬಂದವಳು ಬಲು ಕಟ್ಟುನಿಟ್ಟಿನವಳು, ಬಿಸಿನೀರಿನ ಶಾಖ ಎಷ್ಟು ಎಂದು ಮೀಟರ್ ಇಟ್ಟು ನೋಡುವವಳು. ಅಕ್ಕ ತಂದದ್ದು ಗಂಡನ ಹಳೆಯ ಧೋತರದಿಂದ ಹೊಲಿದ ಅಂಗಿ, ಒಂದು ಕುಲಾವಿ. ಹೊಸ ಬಟ್ಟೆ ಮೊದಲು ಹಾಕಬಾರದು, ಬಾಳಿ ಬದುಕಿದವರ ಹಳೆಯ ಬಟ್ಟೆಯೇ ಆಗಬೇಕು ಎಂದರು. ಈಗ ಜಗಳ ಆಗುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ನರ್ಸ್ ಅಂಗಿಯನ್ನು ಒಳಹೊರಗೆ ತಿರುಗಿಸಿದಳು, ಹೊಲಿಗೆಯ ಮೇಲೆ ಬೆರಳಾಡಿಸಿದಳು, ಒಳಗಡೆ ಚುಚ್ಚುವಂಥದ್ದು ಏನೂ ಸಿಗಲಿಲ್ಲ. ತನ್ನ ಮೊಮ್ಮಗುವಿಗೂ ಒಂದು ಬೇಕು ಎಂದಳು.

ಅಂಥ ಕೈಯಿಂದಲೇ ಒಂದು ತಪ್ಪು ಆಯಿತು. ಬೇರೆ ಯಾರ ಕೈಯಿಂದಲೂ ಆಗುತ್ತಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ.

ಬಿಳಿ ನಿಲುವಂಗಿಯ ಬೆನ್ನಿನಲ್ಲಿ, ಕುತ್ತಿಗೆಯ ಕೆಳಗೆ, ಕೆಂಪು ದಾರದ ಒಂದಿಷ್ಟು ಹೊಲಿಗೆಗಳಿದ್ದವು. ಅವು ಯಾವುದನ್ನೂ ಯಾವುದಕ್ಕೂ ಜೋಡಿಸುತ್ತಿರಲಿಲ್ಲ. ಕೊನೆಯಲ್ಲಿ ಬೆರಳುದ್ದ ದಾರ ಸುಮ್ಮನೆ ನೇತಾಡುತ್ತಿತ್ತು. ಹಳೆಯ ಕಾರ್ಡಿನಲ್ಲಿ ಯಾರೋ ಡಚ್ಚಿನಲ್ಲಿ "ಬೆನ್ನು: ಸಡಿಲ ದಾರ" ಎಂದಷ್ಟೇ ಬರೆದಿದ್ದರು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅಕ್ಕನ ಕಣ್ಣಿಗೆ ಅದು ಬಿತ್ತು. ಗದಗಿನ ಕೌದಿಯ ಮಗಳು ನೇತಾಡುವ ದಾರ ಕಂಡು ಸುಮ್ಮನಿರುತ್ತಾರೆಯೇ? ಎಲ್ಲಾದರೂ ಸಿಕ್ಕಿಕೊಂಡು ರೇಷ್ಮೆ ಹರಿದೀತು ಎಂದು ತುದಿಯನ್ನು ಮಡಚಿ ಆ ಕೆಂಪು ಹೊಲಿಗೆಗಳ ಅಡಿಗೆ ಸೇರಿಸಿ, ಕೂದಲಿಗಿಂತ ತೆಳ್ಳಗಿನ ಎಳೆಯಿಂದ ಎರಡು ಹೊಲಿಗೆ ಹಾಕಿ ಕೂರಿಸಿದರು. ಮೇಲಧಿಕಾರಿಗಳೂ ನೋಡಿ ಭೇಷ್ ಎಂದರು. ಸಡಿಲ ದಾರವನ್ನು ಭದ್ರಪಡಿಸಲಾಗಿದೆ ಎಂದು ನಾನೇ ದಾಖಲೆಯಲ್ಲಿ ಸೇರಿಸಿದೆ.

ಎರಡು ವರ್ಷ ಕಳೆದ ಮೇಲೆ, ಲೋಕದ ನಾನಾ ಕಡೆಯ ಹಸುಗೂಸುಗಳ ಬಟ್ಟೆಗಳ ಪ್ರದರ್ಶನ ಏರ್ಪಾಡಾಯಿತು. ಬಿಳಿ ನಿಲುವಂಗಿಗೆ ನಡುವಿನ ಗಾಜಿನ ಪೆಟ್ಟಿಗೆ. ಅದನ್ನು ನೋಡಿ ಸಲಹೆ ಕೊಡಲು ಕ್ಯೋಟೊದಿಂದ ಒಬ್ಬ ವಿದ್ವಾಂಸೆ ಗುರುವಾರ ಬರುವವರಿದ್ದರು. ಮುಂದಿನ ಸೋಮವಾರ ಅಕ್ಕನ ಕೆಲಸದ ತೀರ್ಮಾನ. ಅವರದು ಮೂರನೆಯ ತಾತ್ಕಾಲಿಕ ಒಪ್ಪಂದ ಮುಗಿಯುತ್ತಿತ್ತು. ಇಲ್ಲಿಯ ಕಾನೂನಿನಂತೆ ಇನ್ನು ಕಾಯಂ ಮಾಡಬೇಕು, ಇಲ್ಲವೇ ಕೈಬಿಡಬೇಕು. ಐವತ್ತೈದರ ಸಮೀಪದ, ಕೂದಲು ನರೆತ, ಡಚ್ಚನ್ನು ಗದಗಿನ ರಾಗದಲ್ಲಿ ಆಡುವ ಹೆಂಗಸಿಗೆ ಬೇರೆಡೆ ಇಂಥ ಕೆಲಸ ಸಿಗುವ ಮಾತೇ ಇರಲಿಲ್ಲ. ಅಷ್ಟು ವರ್ಷ ಕಾದು, ಓದಿ, ದಕ್ಕಿಸಿಕೊಂಡ ಮೇಜು ಅದು.

ಮಂಗಳವಾರ ಮಧ್ಯಾಹ್ನ ಅಕ್ಕ ಮೇಲಿನ ಅಟ್ಟಣೆಯಿಂದ ಇನ್ನೊಂದು ಪೆಟ್ಟಿಗೆ ಇಳಿಸಿದರು. ಯಾರೋ ದಾನ ಕೊಟ್ಟದ್ದು, ಎಷ್ಟೋ ವರ್ಷದಿಂದ ತೆರೆದಿರಲಿಲ್ಲ. ಅದರಲ್ಲೂ ಕ್ಯೋಟೊದ ಎರಡು ಕೂಸಂಗಿ. ತಿರುಗಿಸಿದರು. ಎರಡರ ಬೆನ್ನಿನಲ್ಲೂ ಅದೇ ಕೆಂಪು ಹೊಲಿಗೆ, ಅದೇ ಜಾಗ, ಅದೇ ನೇತಾಡುವ ತುದಿ. ಅಕ್ಕ ಬಿಳಿ ನಿಲುವಂಗಿಯನ್ನೂ ತಂದು ಪಕ್ಕದಲ್ಲಿ ಮಲಗಿಸಿದರು.

"ಮೂರು ಮನಿ ಹೆಣ್ಮಕ್ಕಳು ಒಂದ ಜಾಗಾದಾಗ, ಒಂದ ಉದ್ದಕ್ಕ ದಾರ ಬಿಟ್ಟು ಮರೀತಾರೇನ? ಇದು ಮರೆವಲ್ಲ ತಂಗಿ. ಬೇಕಂತ ಬಿಟ್ಟಾರ."

ಪುಸ್ತಕಗಳನ್ನು ತಡಕಾಡಿದೆವು. ಸಂಜೆಯೊಳಗೆ ಸಿಕ್ಕಿತು. ದೊಡ್ಡವರ ನಿಲುವಂಗಿಯಲ್ಲಿ ಎರಡು ಅಗಲದ ಬಟ್ಟೆ ಸೇರುವುದರಿಂದ ಬೆನ್ನ ನಡುವೆ ಹೊಲಿಗೆ ಬರುತ್ತದೆ. ಆ ಹೊಲಿಗೆ ಬೆನ್ನ ಹಿಂದಿನ ಕೇಡನ್ನು ಕಾಯುತ್ತದೆ ಎಂದು ನಂಬಿಕೆ. ಕೂಸಿಗೆ ಒಂದೇ ಅಗಲ ಸಾಕು. ಹಾಗಾಗಿ ಅದರ ಬೆನ್ನಿಗೆ ಹೊಲಿಗೆಯಿಲ್ಲ, ಕಾವಲಿಲ್ಲ. ಅದಕ್ಕೇ ಏನನ್ನೂ ಜೋಡಿಸದ ಒಂದು ಹೊಲಿಗೆಯನ್ನು ತಾಯಂದಿರು ಕಾವಲಿಗೆಂದೇ ಹಾಕುತ್ತಿದ್ದರು. ತುದಿಯನ್ನು ಬಿಡುತ್ತಿದ್ದದ್ದು, ಮಗು ಬೆಂಕಿಗೋ ನೀರಿಗೋ ಬಿದ್ದರೆ ದೇವರು ಆ ದಾರ ಹಿಡಿದು ಮೇಲೆತ್ತಲಿ ಎಂದು.

ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ದೇವರ ಕೈಯಾಗಿನ ದಾರ ಕಸ್ಕೊಂಡು ಒಳಗ ತುರಕೀನಿ ನಾ" ಎಂದರು.

ಅವರಿಗಿಂತ ಹೆಚ್ಚಾಗಿ ನನಗೆ ಸೋಮವಾರದ ಭಯ. ಸುತ್ತ ಯಾರೂ ಇರಲಿಲ್ಲ. "ಅಕ್ಕ, ಒಂದ್ ಕೆಲ್ಸ ಮಾಡೋಣ. ನೀವು ಆ ಎರಡು ಸ್ಟಿಚ್ ಬಿಚ್ಬಿಡಿ. ಸಿಸ್ಟಮ್‌ನಲ್ಲಿರೋ ಎಂಟ್ರಿ ನಾನ್ ತೆಗ್ದುಬಿಡ್ತೀನಿ. ಒಂದು ಕ್ಲಿಕ್ ಅಷ್ಟೆ. ಯಾರಿಗೂ ಗೊತ್ತಾಗಲ್ಲ" ಎಂದೆ.

ಅವರು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. "ನೀ ನನ್ನ ಹೊಟ್ಯಾಗ ಹುಟ್ಟಿದ್ರ ಕಪಾಳಕ್ಕ ಒಂದು ಕೊಡ್ತಿದ್ದೆ" ಎಂದರು.

"ಅಕ್ಕ, ಸೋಮವಾರ..."

"ಸೋಮವಾರ ಬರಲಿ. ಬಿಚ್ಚಿದ್ರ ದಾರದಾಗ ಮಡಿಕಿ ಉಳೀತೈತಿ, ಹೋಗಂಗಿಲ್ಲ. ಐವತ್ತು ವರ್ಷ ಆದಮ್ಯಾಲ ಯಾವಕಿನೋ ಒಬ್ಬಾಕಿ ಬಂದು ನೋಡ್ತಾಳ. ಆಗಿನ ತಾಯಂದ್ರು ದಾರ ಹಿಂಗ ಮಡಚತಿದ್ರು ಅಂತ ದೊಡ್ಡ ಪುಸ್ತಕ ಬರೀತಾಳ. ನನ್ನ ಮಡಿಕಿ ಆ ತಾಯಿ ಮ್ಯಾಲ ಯಾಕ ಹೊರಸಬೇಕು? ಆಕಿ ಸರಿಯಾಗೇ ಮಾಡ್ಯಾಳ. ತಪ್ಪಿದಾಕಿ ನಾನು."

ನನಗೆ ನಾಚಿಕೆಯಾಯಿತು. ಅವರನ್ನು ಕಾಪಾಡುತ್ತೇನೆ ಎಂದುಕೊಂಡಿದ್ದೆ. ಅವರು ಯಾವ ಕಾಲದ್ದೋ ಒಬ್ಬ ತಾಯಿಯ ಹೆಸರು ಕಾಪಾಡುತ್ತಿದ್ದರು.

ಮಾರನೆಯ ದಿನ ವಿಭಾಗದ ಮುಖ್ಯಸ್ಥನ ಕೋಣೆಗೆ ಹೋದರು. ನನ್ನನ್ನೂ ದಾಖಲೆಯ ಸಮೇತ ಕರೆದರು. ಆತ ಬಾಗಿಲಿಗೆ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರದವನು, ಕೆಟ್ಟವನಲ್ಲ, ಅಕ್ಕನನ್ನು ಉಳಿಸಿಕೊಳ್ಳಬೇಕೆಂದು ಮೇಲಿನವರ ಹತ್ತಿರ ವಾದಿಸುತ್ತಿದ್ದವನು. ಎಲ್ಲ ಕೇಳಿ ಹಣೆ ಉಜ್ಜಿಕೊಂಡ. "ಇವತ್ತೇ ಬಿಚ್ಚಿಬಿಡು. ಬಂದವರಿಗೆ ಈಗ ಹೇಳಬೇಕೆಂದೇನಿಲ್ಲ. ವರದಿ ಮುಂದಿನ ವಾರ ಬರೆಯೋಣ, ಸೋಮವಾರ ಕಳೆಯಲಿ" ಎಂದ. ಡಚ್ಚರು ಮಾತನ್ನು ಸುತ್ತಿ ಬಳಸಿ ಆಡುವವರಲ್ಲ ಎಂದು ನಾವು ತಮಾಷೆ ಮಾಡುತ್ತೇವೆ. ಅಂದು ಆತ ನೆಲ ನೋಡಿಕೊಂಡು ಮಾತಾಡಿದ, ಸುತ್ತಿ ಬಳಸದೆ ಆಡಿದವರು ಅಕ್ಕನೇ. "ಗುರುವಾರ ಹೇಳುತ್ತೇನೆ. ಅವರ ಎದುರಿಗೇ ಬಿಚ್ಚುತ್ತೇನೆ" ಎಂದು ಅವರ ರಾಗದ ಡಚ್ಚಿನಲ್ಲಿ ಹೇಳಿ ಎದ್ದರು.

ಗುರುವಾರ ಬಂದ ವಿದ್ವಾಂಸೆ ಎಪ್ಪತ್ತರ ಆಸುಪಾಸಿನ ಸಣ್ಣ ಆಕೃತಿಯ ಹೆಂಗಸು. ಬೂದು ಬಣ್ಣದ ಸೂಟು, ನಿಧಾನದ ಇಂಗ್ಲಿಷು. ಮೇಜಿನ ಮೇಲೆ ನಿಲುವಂಗಿ ಬೆನ್ನು ಮೇಲಾಗಿ ಮಲಗಿತ್ತು. ನಮಸ್ಕಾರ ಮುಗಿಯುತ್ತಿದ್ದಂತೆಯೇ ಅಕ್ಕ, ಈ ದಾರದ ತುದಿ ಒಳಗೆ ಹೋಗಿರುವುದು ನನ್ನ ತಪ್ಪಿನಿಂದ, ನನಗೆ ಇದರ ಅರ್ಥ ಗೊತ್ತಿರಲಿಲ್ಲ, ಗೊತ್ತಾಗಿ ಎರಡು ದಿನವಾಯಿತು ಎಂದು ಹೇಳಿದರು. ಕ್ಷಮಿಸಿ ಎಂದರು. ಅಳುಮುಖ ಮಾಡಲಿಲ್ಲ, ನೆಪ ಹೇಳಲಿಲ್ಲ, ಹಳೆಯ ಕಾರ್ಡಿನ ಮೇಲೆ ಹಾಕಲೂ ಇಲ್ಲ. ಮುಖ್ಯಸ್ಥ ಪಕ್ಕದಲ್ಲಿ ನಿಂತಿದ್ದ. ನಾನು ಕ್ಯಾಮೆರಾ ಹಿಡಿದು ಮೂಲೆಯಲ್ಲಿದ್ದೆ.

ಆಕೆ ಬಗ್ಗಿ ಭೂತಗನ್ನಡಿಯಲ್ಲಿ ತುಂಬಾ ಹೊತ್ತು ನೋಡಿದರು. ಒಂದೇ ಪ್ರಶ್ನೆ ಕೇಳಿದರು.

"ದಾರದ ಒಳಗೆ ಸೂಜಿ ಚುಚ್ಚಿದ್ದೀರಾ?"

"ಇಲ್ಲ. ಮೇಲಿನಿಂದ ಹಾಸಿ ಹಿಡಿದಿದ್ದೇನೆ. ದಾರವನ್ನೂ ಚುಚ್ಚಿಲ್ಲ, ರೇಷ್ಮೆಯ ಎಳೆಯನ್ನೂ ಚುಚ್ಚಿಲ್ಲ. ಎಳೆಗಳ ಸಂದಿಯಲ್ಲಿ ಹೋಗಿ ಬಂದಿದ್ದೇನೆ."

"ಹಾಗಾದರೆ ಬಿಚ್ಚಿ. ನಾನು ನೋಡುತ್ತೇನೆ."

ಅಕ್ಕ ಸಣ್ಣ ಕತ್ತರಿ ತೆಗೆದುಕೊಂಡರು. ಓಡುವ ಟ್ರಾಮಿನಲ್ಲಿ ಸೂಜಿ ಹಿಡಿದು ಅಲುಗಾಡದ ಕೈ ಅದು. ಅಂದು ಒಂದು ಕ್ಷಣ ನಿಂತರು, ಉಸಿರು ಬಿಟ್ಟರು, ಆಮೇಲೆ ಕೆಲಸ ಮಾಡಿದರು. ಎರಡು ಎಳೆ ತೆಗೆದಾಗ ಕೆಂಪು ತುದಿ ಮೆಲ್ಲಗೆ ಹೊರಗೆ ಬಂದು ಬಿಳಿ ರೇಷ್ಮೆಯ ಮೇಲೆ ಬಿದ್ದಿತು. ಎರಡು ಕಡೆ ಮಡಿಕೆ ಹಾಗೇ ಉಳಿದಿತ್ತು. ಬಟ್ಟೆಯಲ್ಲಿ ಒಂದು ತೂತಿಲ್ಲ, ಒಂದು ಗೀರಿಲ್ಲ. ಆಕೆ ಭೂತಗನ್ನಡಿ ಹಿಡಿದು ಮತ್ತೆ ಹುಡುಕಿದರು. ಸಿಗಲಿಲ್ಲ. ನನಗೆ ಕೂಗಿ ಹೇಳಬೇಕೆನಿಸಿತು, ನೋಡಿ, ನಮ್ಮ ಅಕ್ಕ ತಪ್ಪು ಮಾಡಿದರೂ ಹೀಗೆ ಮಾಡುತ್ತಾರೆ ಎಂದು.

ಆಕೆ ನೆಟ್ಟಗೆ ನಿಂತು ಹೇಳಿದರು. "ಬೇರೆ ಬೇರೆ ದೇಶದ ಸಂಗ್ರಹಗಳಲ್ಲಿ ಈ ತುದಿಯನ್ನು ಕತ್ತರಿಸಿ ಹಾಕಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಚೆನ್ನಾಗಿ ಕೆಲಸ ಬಲ್ಲವರೇ ಕತ್ತರಿಸಿರುತ್ತಾರೆ. ಯಾರು ಎಂದು ಕೇಳಿದರೆ ಎಲ್ಲಿಯೂ ಯಾರಿಗೂ ಗೊತ್ತಿರುವುದಿಲ್ಲ. ನಾನು ಮಾಡಿದೆ ಎಂದು ನನಗೆ ಹೇಳಿದವರು ನೀವೊಬ್ಬರೇ." ಆಮೇಲೆ ಅಕ್ಕನಿಗೆ ಬಗ್ಗಿ ವಂದಿಸಿದರು. ಅಕ್ಕ ಗಾಬರಿಯಾಗಿ ಕೈಮುಗಿದರು. ಮುಖ್ಯಸ್ಥ ಆ ಕೆಂಪು ತುದಿಯನ್ನೇ ನೋಡುತ್ತಿದ್ದ. ಪ್ರದರ್ಶನದ ಚಿಂತೆ ಇರಬೇಕು ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಲಕೋಟೆ ಅಕ್ಕನ ಮೇಜಿನ ಮೇಲಿತ್ತು. ನಾನು ಕೂತಲ್ಲಿ ಕೂರಲಾರೆ. "ಒಡೀರಿ ಅಕ್ಕ, ಪ್ಲೀಸ್" ಎಂದು ಗೋಗರೆದೆ. "ಮೊದಲ ದಾಖಲೆ" ಎಂದರು. ಬಳೆಗಳನ್ನು ತೆಗೆದಿಟ್ಟು ಬಂದು ನನ್ನ ಪಕ್ಕ ಕೂತರು. ನಾನು ದಾಖಲೆ ತೆರೆದೆ. ಏನು ಮಾಡಲಾಯಿತು, ಯಾಕೆ ತಪ್ಪು, ಯಾವಾಗ ಬಿಚ್ಚಲಾಯಿತು, ಮಡಿಕೆ ಎಲ್ಲೆಲ್ಲಿ ಉಳಿದಿದೆ, ಎಲ್ಲ ಹೇಳಿ ಬರೆಸಿದರು. ಕೊನೆಯಲ್ಲಿ ಮಾಡಿದವರು ಯಾರು ಎಂಬ ಅಂಕಣ ಇದೆ. ನಮ್ಮಲ್ಲಿ ಎಲ್ಲರೂ ಅದರಲ್ಲಿ "ಜವಳಿ ವಿಭಾಗ" ಎಂದು ಹಾಕಿ ಮುಂದೆ ಹೋಗುವುದು ರೂಢಿ. ಕೈ ತಾನಾಗಿ ಅದನ್ನೇ ಟೈಪ್ ಮಾಡಿತು.

"ಅಳಸು" ಎಂದರು ಅಕ್ಕ. "ವಿಭಾಗಕ್ಕ ಕೈ ಅದಾವೇನು? ನನ್ನ ಹೆಸರು ಹಾಕು. ಪೂರಾ ಹಾಕು, ನಮ್ಮಪ್ಪನ ಹೆಸರೂ ಬರಲಿ."

ಹಾಕಿದೆ. ಆಮೇಲೆ ಲಕೋಟೆ ಒಡೆದರು. ಕೆಲಸ ಕಾಯಂ ಆಗಿತ್ತು. ನಾನು ಅತ್ತುಬಿಟ್ಟೆ. ಅವರು ಕಾಗದವನ್ನು ರೊಟ್ಟಿಯ ಚೀಲದಲ್ಲಿ ಮಡಚಿ ಇಟ್ಟು, ನನ್ನ ಬೆನ್ನು ತಟ್ಟಿ, ಮುಂದಿನ ಪೆಟ್ಟಿಗೆ ತೆಗೆ ಎಂದರು. ಊಟದ ಹೊತ್ತಿನಲ್ಲಿ ಮಾತ್ರ ಗಂಡನಿಗೆ ಫೋನು ಮಾಡಿ, ಆ ಕಾಗದವನ್ನು ಎರಡೆರಡು ಸಲ ಓದಿ ಹೇಳಿದ್ದನ್ನು ಕಂಡೆ.

ಇಲ್ಲಿಗೆ ಮುಗಿದಿದ್ದರೂ ನಾನು ಅವರ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆದರೆ ಮೂರು ವಾರದ ಮೇಲೆ ಒಂದು ದಿನ ಮುಖ್ಯಸ್ಥ ನನ್ನ ಮೇಜಿನ ಬಳಿ ಬಂದು ನಿಂತ. ಅಕ್ಕ ಚಹಾ ತರಲು ಹೋಗಿದ್ದರು. ಆತ ಒಂದು ದಾಖಲೆಯ ಸಂಖ್ಯೆ ಹೇಳಿದ, ಕಾಗದ ನೋಡದೆ, ಬಾಯಿಪಾಠದಿಂದ. ತೆರೆದೆ. ಅದೂ ಕ್ಯೋಟೊದ್ದೇ, ತೋಳಿಲ್ಲದ ಒಂದು ಸಣ್ಣ ಕೂಸಂಗಿ, ಬೇರೆ ಕೋಣೆಯಲ್ಲಿತ್ತು. "ಬೆನ್ನಿನ ಸಡಿಲ ದಾರ ತೆಗೆಯಲಾಗಿದೆ. ಜವಳಿ ವಿಭಾಗ" ಎಂದಿತ್ತು. ನಾನು ಹುಟ್ಟುವ ಮೊದಲಿನ ಕಾರ್ಡಿನಿಂದ ಏರಿಸಿದ್ದು.

"ನಾನು ಕೆಲಸಕ್ಕೆ ಸೇರಿದ ವರ್ಷ. ಕತ್ತರಿಸಿದ್ದು ನಾನು. ಅರ್ಥ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ನಿನ್ನ ಅಕ್ಕ ಬಂದು ಹೇಳಿದಾಗ. ನನ್ನ ಹೆಸರು ಹಾಕು" ಎಂದ. ಹಾಕಿದೆ. ಸರಿಯಾಗಿದೆಯೇ ಎಂದು ಅಕ್ಷರ ಅಕ್ಷರ ನೋಡಿ, ಬಾಗಿಲಿಗೆ ತಲೆ ತಗ್ಗಿಸಿ ಹೋದ.

ಅಕ್ಕ ಚಹಾ ತಂದರು. ಕಂಪ್ಯೂಟರಿನ ಪರದೆ ತೋರಿಸಿದೆ. ಓದಿದರು. ಮುಖ್ಯಸ್ಥ ಅಂದು ನೆಲ ನೋಡಿ ಮಾತಾಡಿದ್ದು ಯಾಕೆಂದು ಇಬ್ಬರಿಗೂ ಈಗ ತಿಳಿಯಿತು. ಅಕ್ಕ ಬಾಯಿಬಿಡಲಿ, ಎರಡು ಮಾತು ಆಡಲಿ, ಈಗ ಅವರದೇ ಕಾಲ ಎಂದು ಕಾದೆ. ಅವರು ಕೇಳಿದ್ದು ಬೇರೆ.

"ಎಷ್ಟು ಬಿಟ್ಟು ಕತ್ತರಿಸ್ಯಾನ?"

ಗೊತ್ತಿರಲಿಲ್ಲ. ಇಬ್ಬರೂ ಹೋಗಿ ಪೆಟ್ಟಿಗೆ ತೆಗೆದೆವು. ಕೆಂಪು ಹೊಲಿಗೆಯ ಕೊನೆಯಲ್ಲಿ ಜೋಳದ ಕಾಳಿನಷ್ಟು ದಾರ ಇನ್ನೂ ಉಳಿದಿತ್ತು. ಅಕ್ಕ ಬಗ್ಗಿ ನೋಡಿದರು.

"ಬುಡಕ್ಕ ಹಚ್ಚಿ ಕತ್ತರಿಸಿಲ್ಲ. ಅವತ್ತೂ ಕೈ ಅಂಜೈತಿ ಅವಂಗ" ಎಂದರು. "ಅದನ್ನೂ ಅಳತಿ ಮಾಡಿ ಅವನ ಹೆಸರಿನ ಕೆಳಗ ಬರಿ. ಮುಂದಿನಾಕಿಗೆ ಅದೂ ತಿಳೀಲಿ."

ಅಳತೆಪಟ್ಟಿ ತಂದು ಅಳೆದೆ. ಮೂರು ಮಿಲಿಮೀಟರ್ ಇತ್ತು. ಬರೆದೆ.